ಬೀಪ್ ಬಂತು, ಬೆಳಕು ಬರಲಿಲ್ಲ: ಮಂಡಿ ನೋವಿಗೆ ಲೇಸರ್ ಅಕ್ಯುಪಂಕ್ಚರ್

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. 29 ವರ್ಷ ಕಾಲೇಜಿನ ಫಿಸಿಕ್ಸ್ ಲ್ಯಾಬ್‌ನಲ್ಲಿ ಅಸಿಸ್ಟೆಂಟ್ ಆಗಿದ್ದವಳು. ಲೆನ್ಸ್ ಒರೆಸುವುದು, ಫ್ಯೂಸ್ ಹಾಕುವುದು, ಮಕ್ಕಳು ಕಳೆದುಹಾಕಿದ ಸ್ಕ್ರೂಗಾಗಿ ಟೇಬಲ್ ಕೆಳಗೆ ಮಂಡಿಯೂರಿ ಹುಡುಕುವುದು, ಇಂಥದ್ದೇ ಕೆಲಸ. ಲೇಸರ್ ನನಗೆ ಹೊಸದಲ್ಲ. ನಮ್ಮ ಲ್ಯಾಬ್‌ನಲ್ಲಿ ಒಂದು ಹೀಲಿಯಂ-ನಿಯಾನ್ ಲೇಸರ್ ಇತ್ತು. ಕೆಂಪು ಬೆಳಕು, 632.8 ನ್ಯಾನೋಮೀಟರ್, ಬರೀ 2 ಮಿಲಿವ್ಯಾಟ್. ಅದರ ಎದುರಿಗೆ ಯಾರಾದರೂ ಕಣ್ಣು ತಂದರೆ ನಾನು ಹಾಕುತ್ತಿದ್ದ ಕೂಗು ಕಾರಿಡಾರಿನ ಆ ತುದಿಗೂ ಕೇಳುತ್ತಿತ್ತಂತೆ.

ಹೊಸದಾಗಿ ಬಂದದ್ದು ಮಂಡಿ ನೋವು. ಬಲಗಡೆಯದು. ಮೆಟ್ಟಿಲು ಹತ್ತುವಾಗ ಹೇಗೋ ಆಗುತ್ತಿತ್ತು, ಇಳಿಯುವಾಗ ಪ್ರಾಣ ಹೋಗುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ನಿಮಿಷ ಮಂಡಿ ಬಿಗಿ. ಬಗ್ಗಿಸಿದರೆ ಒಳಗೆ ಮರಳು ಅರೆದ ಹಾಗೆ ಕರಕರ ಸದ್ದು. ಎಕ್ಸ್‌ರೇ ನೋಡಿ ಮೂಳೆ ಡಾಕ್ಟರ್ ಹೇಳಿದರು, "ಒಳಬದಿಯ ಗ್ಯಾಪ್ ಕಡಿಮೆಯಾಗಿದೆ, ಸವೆತ, ಗ್ರೇಡ್ 3." ಈ ಗ್ರೇಡ್ 0ಯಿಂದ 4ರವರೆಗೆ ಇರುತ್ತದೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಅನ್ನುವವರು 1957ರಲ್ಲಿ ಮಾಡಿದ ಲೆಕ್ಕ, ಇವತ್ತಿಗೂ ಅದೇ ನಡೆಯುತ್ತಿದೆ.

ನನಗೆ ಅವತ್ತು ಆಶ್ಚರ್ಯವಾದ ಮಾತು ಬೇರೆಯದು. ಸವೆಯುವುದು ಕಾರ್ಟಿಲೇಜ್, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪಾದ ಮೆತ್ತೆ. ಆದರೆ ಕಾರ್ಟಿಲೇಜ್‌ಗೆ ನರವೇ ಇಲ್ಲವಂತೆ. ನೋವು ಬರುವುದು ಅದರ ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯಿಂದ, ಸುತ್ತಲಿನ ಬೇರೆ ಭಾಗಗಳಿಂದ. ಹಾಗಾಗಿ ಎಕ್ಸ್‌ರೇಯಲ್ಲಿ ತುಂಬಾ ಸವೆದಿರುವವರು ಆರಾಮಾಗಿ ಓಡಾಡಬಹುದು, ಸ್ವಲ್ಪವೇ ಸವೆದವರು ಕುಂಟಬಹುದು. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಡಾಕ್ಟರ್ ಹಚ್ಚಲು ಜೆಲ್ ಬರೆದುಕೊಟ್ಟರು. ತೂಕ ಇಳಿಸಿ ಅಂದರು. ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ ಅಂತ ಬಿಡಿಸಿ ಹೇಳಿದರು. ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಮಾಡಿ ಅಂದರು. ವ್ಯಾಯಾಮ ಅಂದ ಕೂಡಲೇ ನನ್ನ ಎರಡು ಕಿವಿಯೂ ಕಿವುಡಾಗುತ್ತವೆ. ಸುಮ್ನೆ ಮಲಗಿದ್ದರೆ ಸಾಕು, ಕೆಲಸ ಬೇರೆಯವರು ಮಾಡುತ್ತಾರೆ ಅನ್ನುವ ಚಿಕಿತ್ಸೆ ಯಾವುದಾದರೂ ಇದೆಯಾ ಅಂತ ಹುಡುಕಿದೆ. ಸಿಕ್ಕಿತು.

ಲೇಸರ್ ಅಕ್ಯುಪಂಕ್ಚರ್ ಅಂದರೆ ಸೂಜಿ ಚುಚ್ಚುವ ಬಿಂದುಗಳ ಮೇಲೆ ಸೂಜಿಯ ಬದಲು ಸಣ್ಣ ಶಕ್ತಿಯ ಲೇಸರ್ ಹಿಡಿಯುವುದು. ಚುಚ್ಚುವುದಿಲ್ಲ, ಸುಡುವುದಿಲ್ಲ, ರಕ್ತ ಬರುವುದಿಲ್ಲ. ಸೂಜಿ ಕಂಡರೆ ಬೆವರುವವರಿಗೆ ಇದಕ್ಕಿಂತ ಏನು ಬೇಕು? ಪ್ಯಾಕೇಜ್‌ನಲ್ಲಿ ಹತ್ತು ಸಿಟ್ಟಿಂಗ್, ವಾರಕ್ಕೆ ಎರಡು. ಕ್ಲಿನಿಕ್‌ನ ಹೆಸರು ಹಾಕುವುದಿಲ್ಲ. ನನ್ನ ತಕರಾರು ಒಂದು ಅಂಗಡಿಯ ಮೇಲಲ್ಲ, ಈ ಸೇವೆ ಹೀಗೆಯೇ ಇರುತ್ತದೆ ಅಂತ ಒಪ್ಪಿಕೊಂಡು ಬಿಡುವ ನಮ್ಮಂಥವರ ಮೇಲೆ ಜಾಸ್ತಿ.

ಮೊದಲ ದಿನ. ಎತ್ತರದ ಮಂಚ, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್. ಥೆರಪಿಸ್ಟ್ ಹುಡುಗಿ ಚುರುಕು, ಮಾತು ಮೆತ್ತಗೆ. ಬೆರಳಿನಿಂದ ಒತ್ತಿ ಒತ್ತಿ ನೋಡಿ, ಸ್ಕೆಚ್ ಪೆನ್‌ನಿಂದ ಎಂಟು ಚುಕ್ಕೆ ಇಟ್ಟಳು. ಮಂಡಿ ಚಿಪ್ಪಿನ ಕೆಳಗೆ ಆಚೆ ಈಚೆ ಎರಡು ಗುಳಿ ಇರುತ್ತವಲ್ಲ, ಚೀನಿಯವರು ಅವನ್ನು ಶೀಯಾನ್ ಅನ್ನುತ್ತಾರೆ, 'ಮಂಡಿಯ ಕಣ್ಣುಗಳು' ಅಂತ ಅರ್ಥ. ಅವತ್ತು ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡೆ, ನಿಜವಾಗಿಯೂ ಕಣ್ಣಿನ ಹಾಗೇ ಕಾಣುತ್ತದೆ, ಸ್ವಲ್ಪ ನಿದ್ದೆಗೆಟ್ಟ ಕಣ್ಣು. ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಮೂಳೆಯಿಂದ ಸ್ವಲ್ಪ ಹೊರಗೆ ಝುಸಾನ್ಲಿ. ಚಾರ್ಟ್‌ನಲ್ಲಿ ಅದರ ಹೆಸರು ಎಸ್‌ಟಿ 36. ಚಿಪ್ಪಿನ ಮೇಲೆ ಒಳಬದಿಗೆ ಶ್ಯೂಹೈ, 'ರಕ್ತದ ಕಡಲು'. ಹೆಸರುಗಳು ಮಾತ್ರ ಚಂದ.

ಆಮೇಲೆ ಪೆನ್ನಿನಂಥ ಪ್ರೋಬ್ ತಂದು ಒಂದೊಂದು ಚುಕ್ಕೆಯ ಮೇಲೂ ಹಿಡಿದಳು. ಬೀಪ್. ಸ್ವಲ್ಪ ಹೊತ್ತು ಮೌನ. ಬೀಪ್. ಮುಂದಿನ ಚುಕ್ಕೆ. ನನಗೆ ಏನೂ ಗೊತ್ತಾಗಲಿಲ್ಲ. ಬಿಸಿ ಇಲ್ಲ, ಚುರುಚುರು ಇಲ್ಲ, ಬೆಳಕೂ ಕಾಣಲಿಲ್ಲ. ಪ್ರೋಬ್‌ನ ಪಕ್ಕದಲ್ಲಿ ಅಂಟಿಸಿದ್ದ ಚೀಟಿ ಓದಿದೆ, ಇದು ಲ್ಯಾಬ್‌ನಲ್ಲಿ ಬಂದ ಚಟ. 810 ನ್ಯಾನೋಮೀಟರ್, 100 ಮಿಲಿವ್ಯಾಟ್, ಕ್ಲಾಸ್ 3ಬಿ, ಅಂದರೆ ನೇರ ಕಣ್ಣಿಗೆ ಬಿದ್ದರೆ ಅಪಾಯ ಅನ್ನುವ ವರ್ಗ.

ಓದಿದವಳೇ ಎದ್ದು ಕೂತೆ. 810 ಅಂದರೆ ಇನ್‌ಫ್ರಾರೆಡ್, ಕಣ್ಣಿಗೆ ಕಾಣದು. ಶಕ್ತಿ ನಮ್ಮ ಲ್ಯಾಬ್ ಲೇಸರ್‌ನ ಐವತ್ತು ಪಟ್ಟು. ಕಾಣುವ ಬೆಳಕು ಜೋರಾಗಿ ಬಿದ್ದರೆ ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಯಾಕೆ ಮುಚ್ಚುತ್ತದೆ? ಅದು ಸೀದಾ ಒಳಗೆ ಹೋಗಿ ರೆಟಿನಾದ ಮೇಲೆ ಫೋಕಸ್ ಆಗುತ್ತದೆ. ಅದಕ್ಕೇ 3ಬಿ ಲೇಸರ್ ಇರುವ ಕೋಣೆಯಲ್ಲಿ ಎಲ್ಲರೂ ಆ ತರಂಗಕ್ಕೆ ತಕ್ಕ ಕನ್ನಡಕ ಹಾಕಬೇಕು. ಹುಡುಗಿ ಹಾಕಿಕೊಂಡಿದ್ದಳು. ನನಗೆ? "ಕಣ್ಣು ಮುಚ್ಚಿಕೊಂಡಿರಿ ಆಂಟಿ, ಸಾಕು" ಅಂದಳು. ಸಾಕಾಗುವುದಿಲ್ಲ ಅಂದೆ. ಹತ್ತು ನಿಮಿಷ ಹುಡುಕಿ ಒಂದು ಕನ್ನಡಕ ತಂದರು, ಧೂಳು ಹಿಡಿದಿತ್ತು. ನೀವು ಹೋದರೆ ಮೊದಲು ಕೇಳಬೇಕಾದದ್ದು ಇದನ್ನೇ. ನಾಚಿಕೆ ಬೇಡ.

ಎರಡನೆಯ ಪ್ರಶ್ನೆ ಸೆಕೆಂಡ್‌ನದು. ಲೇಸರ್‌ನ ಡೋಸ್ ಅಳೆಯುವುದು ಜೂಲ್‌ನಲ್ಲಿ. ಲೆಕ್ಕ ಸುಲಭ: ವ್ಯಾಟ್ ಗುಣಿಸು ಸೆಕೆಂಡ್. 100 ಮಿಲಿವ್ಯಾಟ್ ಅಂದರೆ 0.1 ವ್ಯಾಟ್, 40 ಸೆಕೆಂಡ್ ಹಿಡಿದರೆ 4 ಜೂಲ್. ಮಂಡಿ ಸವೆತಕ್ಕೆ ಲೇಸರ್ ಕೊಟ್ಟ 22 ಪ್ರಯೋಗಗಳನ್ನು, 1063 ರೋಗಿಗಳನ್ನು ಒಟ್ಟು ಹಾಕಿ ನೋಡಿದ ಒಂದು ವಿಶ್ಲೇಷಣೆ 2019ರಲ್ಲಿ ಬಿಎಂಜೆ ಓಪನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ನೋವು ಇಳಿದದ್ದು ಡೋಸ್ ಸರಿಯಾಗಿದ್ದಾಗ. ನನ್ನ ಪ್ರೋಬ್‌ನಂಥದ್ದಕ್ಕೆ, ಅಂದರೆ 785ರಿಂದ 860 ನ್ಯಾನೋಮೀಟರ್‌ಗೆ, ಒಂದು ಜಾಗಕ್ಕೆ 4ರಿಂದ 8 ಜೂಲ್. 904 ನ್ಯಾನೋಮೀಟರ್‌ನದಾದರೆ 1ರಿಂದ 3 ಸಾಕು. ನಮ್ಮ ಹುಡುಗಿ ಮೊದಲ ದಿನ 40 ಸೆಕೆಂಡ್ ಹಿಡಿದಳು. ಎರಡನೆಯ ದಿನ ಹೊರಗೆ ಜನ ಕಾಯುತ್ತಿದ್ದರು, ಬೀಪ್‌ಗಳ ಮಧ್ಯದ ಹೊತ್ತು ಗಿಡ್ಡವಾಯಿತು. ಎಣಿಸಿದೆ, 20. ಅಂದರೆ ಅರ್ಧ ಡೋಸ್. ಹೇಳಿದ ಮೇಲೆ ಸರಿ ಮಾಡಿದಳು, ಬೇಜಾರು ಮಾಡಿಕೊಳ್ಳಲಿಲ್ಲ.

ಒಂದು ವ್ಯತ್ಯಾಸ ಇಲ್ಲೇ ಹೇಳಬೇಕು, ಯಾಕೆಂದರೆ ಕ್ಲಿನಿಕ್‌ನವರು ಎರಡನ್ನೂ ಕಲಸಿಬಿಡುತ್ತಾರೆ. ಕೀಲಿನ ಗೆರೆಯ ಮೇಲೆ, ನೋವಿರುವಲ್ಲೇ ಲೇಸರ್ ಕೊಡುವುದು ಒಂದು. ಅಕ್ಯುಪಂಕ್ಚರ್ ಬಿಂದುವಿಗೆ ಕೊಡುವುದು ಇನ್ನೊಂದು. ಮಂಡಿಯ ಕಣ್ಣುಗಳಂಥ ಬಿಂದುಗಳಲ್ಲಿ ಎರಡೂ ಸೇರುತ್ತವೆ ನಿಜ. ಆದರೆ ಒಂದರ ಫಲಿತಾಂಶವನ್ನು ಇನ್ನೊಂದರ ಗೋಡೆಗೆ ಅಂಟಿಸುವುದು ಸರಿಯಲ್ಲ. ಬೆಳಕು ಹೇಗೆ ಕೆಲಸ ಮಾಡುತ್ತದೆ ಅಂದರೆ, ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಅನ್ನುವ ಕಿಣ್ವ ಅದನ್ನು ಹೀರಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಊತ, ನೋವು ಇಳಿಯುತ್ತದೆ ಅನ್ನುವುದು ವಾದ. ಇದೆಲ್ಲ ಶುರುವಾದದ್ದು ಹಂಗೇರಿಯ ಎಂಡ್ರೆ ಮೆಸ್ಟರ್ ಅನ್ನುವ ಡಾಕ್ಟರ್‌ನಿಂದ. 1967ರಲ್ಲಿ ಇಲಿಗಳ ಬೆನ್ನು ಬೋಳಿಸಿ ಲೇಸರ್ ಬಿಟ್ಟರೆ ಕೂದಲು ಬೇಗ ಬೆಳೆಯಿತಂತೆ. ನನ್ನ ಮಂಡಿಯಲ್ಲಿ ಒಂದೂ ಹೊಸ ಕೂದಲು ಬಂದಿಲ್ಲ, ದಾಖಲೆಗೆ ಇರಲಿ.

ನಾನು ಲೆಕ್ಕ ಇಟ್ಟಿದ್ದೆ. ಹಳೇ ಗ್ರಾಫ್ ಪುಸ್ತಕದಲ್ಲಿ ದಿನಾ ರಾತ್ರಿ 10 ಸೆಂಟಿಮೀಟರ್ ಗೆರೆ ಎಳೆಯುವುದು. ಎಡತುದಿ ಅಂದರೆ ನೋವೇ ಇಲ್ಲ, ಬಲತುದಿ ಅಂದರೆ ತಡೆಯಲಾಗದು. ಕಣ್ಣಂದಾಜಿನಲ್ಲಿ ಒಂದು ಗೀಟು ಹಾಕಿ, ಆಮೇಲೆ ಸ್ಕೇಲ್ ಇಟ್ಟು ಅಳೆಯುವುದು. ಡಾಕ್ಟರ್‌ಗಳೂ ಹೀಗೇ ಅಳೆಯುತ್ತಾರೆ. ಜೊತೆಗೆ ಮನೆಯ 18 ಮೆಟ್ಟಿಲು ಇಳಿಯುವುದಕ್ಕೆ ಸ್ಟಾಪ್‌ವಾಚ್. ಶುರುವಿಗೆ ಮೊದಲಿನ ವಾರ ಸರಾಸರಿ 6.4 ಸೆಂಟಿಮೀಟರ್, 31 ಸೆಕೆಂಡ್.

ಎರಡನೆಯ ಸಿಟ್ಟಿಂಗ್ ಆದಾಗ 6.1. ಏನೂ ಇಲ್ಲ ಅಂತಲೇ ಲೆಕ್ಕ. ನಾಲ್ಕನೆಯದರ ಮೇಲೆ 4.3. ಆರನೆಯದಕ್ಕೆ 3.9. ಕುಣಿದಾಡುವಷ್ಟು ಖುಷಿ ನನಗೆ, ಕುಣಿಯಲಿಲ್ಲ ಅಷ್ಟೆ. ರೈಲಿಂಗ್ ಹಿಡಿಯದೆ ಇಳಿದೆ. ಅಕ್ಕನಿಗೆ ಫೋನ್ ಮಾಡಿ, ನೀನೂ ಹೋಗು ಅಂದೆ.

ಏಳನೆಯ ಸಿಟ್ಟಿಂಗ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇನ್‌ಫ್ರಾರೆಡ್ ಕಣ್ಣಿಗೆ ಕಾಣದಿದ್ದರೂ ಎಷ್ಟೋ ಫೋನ್ ಕ್ಯಾಮೆರಾಗಳಿಗೆ ಕಾಣುತ್ತದೆ. ಟಿವಿ ರಿಮೋಟ್‌ನ ತುದಿಯನ್ನು ಕ್ಯಾಮೆರಾದಲ್ಲಿ ನೋಡಿ ಬಟನ್ ಒತ್ತಿ, ನೇರಳೆ ಬಣ್ಣಕ್ಕೆ ಮಿನುಗುತ್ತದೆ. ರಿಮೋಟ್ ಸತ್ತಿದೆಯಾ, ಸೆಲ್ ಸತ್ತಿದೆಯಾ ಅಂತ ಹುಡುಗರಿಗೆ ನಾನೇ ಹೀಗೆ ತೋರಿಸಿಕೊಡುತ್ತಿದ್ದೆ. ಮೊದಲ ಎರಡು ಸಿಟ್ಟಿಂಗ್‌ನಲ್ಲೂ ಸುಮ್ನೆ ಕುತೂಹಲಕ್ಕೆ, ಕನ್ನಡಕ ಹಾಕಿಕೊಂಡು, ಪಕ್ಕದಿಂದ ಫೋನ್ ಹಿಡಿದು ನೋಡಿದ್ದೆ. ಪ್ರೋಬ್ ಚರ್ಮಕ್ಕೆ ತಾಗುವ ಕಡೆ ಬಿಳಿ-ನೇರಳೆ ಹೊಳಪು, ಸುತ್ತ ಸ್ವಲ್ಪ ಹರಡಿಕೊಂಡಿತ್ತು. ತೃಪ್ತಿಯಾಗಿ ಫೋನ್ ಒಳಗಿಟ್ಟಿದ್ದೆ. ಆಮೇಲೆ ನೋಡಿರಲಿಲ್ಲ.

ಏಳನೆಯ ದಿನ ಮೂರನೇ ಚುಕ್ಕೆಯ ಹೊತ್ತಿಗೆ, ಅಕ್ಕನಿಗೆ ವಿಡಿಯೋ ಕಳಿಸೋಣ ಅಂತ ಫೋನ್ ತೆಗೆದೆ. ಪರದೆಯಲ್ಲಿ ನನ್ನ ಮಂಡಿ, ಸ್ಕೆಚ್ ಪೆನ್ ಚುಕ್ಕೆ, ಅದರ ಮೇಲೆ ಪ್ರೋಬ್. ಹೊಳಪು ಇಲ್ಲ. ಮುಂದಿನ ಕ್ಯಾಮೆರಾಕ್ಕೆ ಬದಲಿಸಿದೆ. ಇಲ್ಲ. ಬೀಪ್ ಮಾತ್ರ ಠೀವಿಯಿಂದ ಬಂತು.

"ಇದು ಉರೀತಿಲ್ಲ ಕಣಮ್ಮ" ಅಂದೆ.

"ಬೀಪ್ ಬರ್ತಿದೆಯಲ್ಲ ಆಂಟಿ" ಅಂದಳು.

ಬೀಪ್ ಬರುವುದು ಪೆಟ್ಟಿಗೆಯಿಂದ, ಬೆಳಕು ಬರುವುದು ಪ್ರೋಬ್‌ನಿಂದ. ಮಧ್ಯೆ ಒಂದು ಕೇಬಲ್. ಕೇಬಲ್ ಪ್ರೋಬ್‌ಗೆ ಸೇರುವ ಕತ್ತಿನ ಹತ್ತಿರ ರಬ್ಬರ್ ಬಿರುಕು ಬಿಟ್ಟಿತ್ತು. ಅಲ್ಲಿ ಒಂದು ಕೋನಕ್ಕೆ ಬಗ್ಗಿಸಿದರೆ ಪರದೆಯ ಮೇಲೆ ಹೊಳಪು ಬರುತ್ತಿತ್ತು, ಬಿಟ್ಟರೆ ಆರುತ್ತಿತ್ತು. ಲ್ಯಾಬ್‌ನಲ್ಲಿ ಇಂಥ ಸಾವಿರ ಕೇಬಲ್ ನೋಡಿದ್ದೇನೆ, ಒಂದೇ ದಿನಕ್ಕೆ ಹೀಗಾಗುವುದಿಲ್ಲ. ಹುಡುಗಿಯ ಮುಖ ನೋಡಿ ಪಾಪ ಅನ್ನಿಸಿತು. ಅವಳಿಗಾದರೂ ಹೇಗೆ ಗೊತ್ತಾಗಬೇಕು? ಕಾಣದ ಬೆಳಕು ಇದೆಯೋ ಇಲ್ಲವೋ ಅಂತ ನೋಡಲು ಅವಳ ಕೈಗೆ ಯಾರೂ ಏನೂ ಕೊಟ್ಟಿರಲಿಲ್ಲ. ಲೇಸರ್ ಬೆಳಕಿನ ಶಕ್ತಿ ಅಳೆಯುವ ಪವರ್ ಮೀಟರ್ ಇದೆಯಾ ಅಂತ ಮ್ಯಾನೇಜರ್‌ಗೆ ಕೇಳಿದೆ. ಕರೆಂಟ್ ಮೀಟರ್ ಕಡೆ ಕೈ ತೋರಿಸಿದರು.

ಮನೆಗೆ ಬಂದು ಗ್ರಾಫ್ ಪುಸ್ತಕ ಬಿಚ್ಚಿ ಕೂತೆ. ಒಂದು, ಎರಡನೆಯ ಸಿಟ್ಟಿಂಗ್‌ನಲ್ಲಿ ಬೆಳಕು ಇದ್ದದ್ದು ಖಚಿತ, ಆಗ ನೋವು ಕದಲಲಿಲ್ಲ. ನೋವು ಸರ್ರಂತ ಇಳಿದದ್ದು ಮೂರರಿಂದ ಆರರ ಮಧ್ಯೆ. ಅದರಲ್ಲಿ ಯಾವ ದಿನ ಬೆಳಕಿತ್ತು, ಯಾವ ದಿನ ಬರೀ ಬೀಪ್ ಇತ್ತು? ಕೇಬಲ್ ಎಷ್ಟು ಬಗ್ಗಿತ್ತು ಅನ್ನುವುದರ ಮೇಲೆ ಹೋಗುತ್ತದೆ.

ಇದೇ ಪ್ರಶ್ನೆಯನ್ನು ಬೇಕಂತಲೇ, ಅಚ್ಚುಕಟ್ಟಾಗಿ ಕೇಳಿದ ಒಂದು ಪ್ರಯೋಗ ಇದೆ. ಆಸ್ಟ್ರೇಲಿಯಾದಲ್ಲಿ ನಡೆದದ್ದು, 2014ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಐವತ್ತು ದಾಟಿದ, ಬಹಳ ದಿನದಿಂದ ಮಂಡಿ ನೋವಿರುವ 282 ಜನ. ಕೆಲವರಿಗೆ ಸೂಜಿ, ಕೆಲವರಿಗೆ ಲೇಸರ್, ಕೆಲವರಿಗೆ ಉರಿಯದ ಸುಳ್ಳು ಲೇಸರ್, ಕೆಲವರಿಗೆ ಏನೂ ಇಲ್ಲ. 12 ವಾರ ನಡೆಯಿತು. ಯಾವುದು ನಿಜದ ಲೇಸರ್, ಯಾವುದು ಸುಳ್ಳು ಅಂತ ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಏನೂ ಸಿಗದವರಿಗಿಂತ ಸೂಜಿ, ಲೇಸರ್ ಸಿಕ್ಕವರ ನೋವು 12 ವಾರದ ಹೊತ್ತಿಗೆ ಸ್ವಲ್ಪ ಇಳಿದಿತ್ತು. ಆದರೆ ಸುಳ್ಳು ಲೇಸರ್‌ಗಿಂತ ನಿಜದ ಲೇಸರ್ ಮೇಲು ಅಂತ ಆಗಲಿಲ್ಲ. ಸೂಜಿಯೂ ಅಷ್ಟೇ. ವರ್ಷ ಕಳೆಯುವಷ್ಟರಲ್ಲಿ ಆ ಸ್ವಲ್ಪ ಲಾಭವೂ ಉಳಿದಿರಲಿಲ್ಲ.

ಮೊದಲ ಸಲ ಇದನ್ನು ಓದಿದಾಗ ಮುಖಕ್ಕೆ ಹೊಡೆದ ಹಾಗಾಯಿತು. ನನ್ನ 3.9 ಸುಳ್ಳಾ? ಸುಳ್ಳಲ್ಲ. ರೈಲಿಂಗ್ ಬಿಟ್ಟು ಇಳಿದವಳು ನಾನೇ. ನೋವು ಇಳಿದದ್ದು ನಿಜ, ಯಾಕೆ ಇಳಿಯಿತು ಅನ್ನುವುದಷ್ಟೇ ಬೇರೆ. ವಾರಕ್ಕೆರಡು ಸಲ ಯಾರೋ ಕಾಳಜಿಯಿಂದ ಮಂಡಿ ಮುಟ್ಟಿ ನೋಡುತ್ತಿದ್ದರು, ಇಪ್ಪತ್ತು ನಿಮಿಷ ಕಾಲು ಚಾಚಿ ಮಲಗುತ್ತಿದ್ದೆ, ವಾಸಿಯಾಗುತ್ತದೆ ಅಂತ ನಂಬಿದ್ದೆ. ಮೇಲಾಗಿ, ಮೊದಲೇ ಹೇಳಿದೆನಲ್ಲ, ನೋವು ಸವೆತದ ಲೆಕ್ಕಕ್ಕೆ ನಡೆಯುವುದಿಲ್ಲ, ತಾನಾಗಿಯೇ ಏರಿ ಇಳಿಯುತ್ತದೆ. ನಾವು ಕ್ಲಿನಿಕ್‌ಗೆ ಓಡುವುದು ನೋವು ತುದಿಗೇರಿದ ವಾರ. ಅಲ್ಲಿಂದ ಅದು ಇಳಿಯಲೇಬೇಕಲ್ವಾ? ಲ್ಯಾಬ್‌ನಲ್ಲಾದರೆ ಇಂಥ ರೀಡಿಂಗ್ ತಂದ ಹುಡುಗನನ್ನು ವಾಪಸ್ ಕಳಿಸುತ್ತಿದ್ದೆ.

ಕ್ಲಿನಿಕ್‌ನವರು ಎರಡು ದಿನದಲ್ಲಿ ಹೊಸ ಪ್ರೋಬ್ ತರಿಸಿದರು. ಹಾಳಾದ ಸಿಟ್ಟಿಂಗ್‌ಗಳ ಬದಲು ಎರಡು ಫ್ರೀ ಅಂದರು. ನಾಲ್ಕು ಅನುಮಾನದಲ್ಲಿವೆ, ಎರಡು ಅನ್ನುವ ಲೆಕ್ಕ ಹೇಗೆ ಬಂತು ಅಂತ ಕೇಳಿದೆ. ನಕ್ಕರು. ಎರಡನ್ನೇ ತೆಗೆದುಕೊಂಡೆ. ಒಟ್ಟು ಹನ್ನೆರಡು ಆಯಿತು. ಕೊನೆಯ ಐದರಲ್ಲಿ ಪ್ರತಿ ದಿನ ಫೋನ್ ಹಿಡಿದು ಹೊಳಪು ನೋಡಿದೆ, ಸೆಕೆಂಡ್ ಎಣಿಸಿದೆ. ಗೆರೆಯ ಮೇಲೆ ಕೊನೆಗೆ ನಿಂತದ್ದು 3.6, ಮೆಟ್ಟಿಲು 25 ಸೆಕೆಂಡ್. ಖಚಿತವಾಗಿ ಬೆಳಕಿದ್ದ ಐದು ದಿನ ಸೇರಿ ಇಳಿಸಿದ್ದು 3 ಮಿಲಿಮೀಟರ್. ನನ್ನ ಗೀಟು ಹಾಕುವ ಕೈಯೇ ಅದಕ್ಕಿಂತ ಜಾಸ್ತಿ ನಡುಗುತ್ತದೆ.

ಕೊನೆಯ ಸಿಟ್ಟಿಂಗ್ ಮುಗಿದು ಆರು ವಾರದ ಮೇಲೆ 5.5, 29 ಸೆಕೆಂಡ್.

ಸ್ಟಾರ್ ಕೊಡಬೇಕು ಅಂದರೆ ಐದಕ್ಕೆ ಎರಡು. ಒಂದು ಆ ಹುಡುಗಿಗೆ. ಇನ್ನೊಂದು, ಸರಿಯಾಗಿ ಕನ್ನಡಕ ಹಾಕಿ ಕೊಟ್ಟರೆ ಇದರಿಂದ ತೊಂದರೆ ತೀರಾ ಕಡಿಮೆ ಅನ್ನುವುದಕ್ಕೆ. ಹೊಟ್ಟೆಗೆ ನೋವಿನ ಮಾತ್ರೆ ಒಗ್ಗದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಂಡು ಸೂಜಿಗೆ ಹೆದರುವವರು, ಒಂದೆರಡು ತಿಂಗಳು ಸ್ವಲ್ಪ ಹಗುರಾದರೆ ಸಾಕು ಅನ್ನುವವರು ಹೋಗಿ ನೋಡಬಹುದು. ಆ ಜಾಗದಲ್ಲಿ ಗೆಡ್ಡೆ ಇದ್ದವರು, ಬೆಳಕಿಗೆ ಚರ್ಮ ಉರಿಯುವಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ್‌ಗೆ ಕೇಳದೆ ಹೋಗಬೇಡಿ. ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡಿ. ದೊಡ್ಡ ಸಂಸ್ಥೆಗಳೇ ಒಂದು ಮಾತಿಗೆ ಬಂದಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ಅಕ್ಯುಪಂಕ್ಚರ್‌ಗೆ ಷರತ್ತಿನ ಮೇಲೆ ಸೈ ಅಂದಿತು. ಬ್ರಿಟನ್‌ನಲ್ಲಿ ಯಾವ ಚಿಕಿತ್ಸೆ ಕೊಡಬೇಕು ಅಂತ ಸಲಹೆ ಕೊಡುವ ನೈಸ್ ಅನ್ನುವ ಸಂಸ್ಥೆ 2022ರಲ್ಲಿ ಅಕ್ಯುಪಂಕ್ಚರ್ ಕೊಡಬೇಡಿ ಅಂದಿತು, ಲೇಸರ್‌ಗೂ ಸಾಕಷ್ಟು ಆಧಾರ ಇಲ್ಲ ಅಂದಿತು. ಇಬ್ಬರೂ ಒಪ್ಪುವುದು ನನ್ನ ಕಿವಿಗೆ ಬೀಳದ ಆ ಒಂದು ಶಬ್ದವನ್ನೇ: ವ್ಯಾಯಾಮ.

ಹಾಗಾಗಿ ಅದನ್ನೂ ಶುರು ಮಾಡಿದೆ. ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ತೊಡೆ ಬಿಗಿಹಿಡಿಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು. ಮೊದಲ ಮೂರು ವಾರ ಬೈದುಕೊಂಡೇ ಮಾಡಿದೆ. ಗೆರೆ ಕದಲಲಿಲ್ಲ, ಒಂದು ದಿನವಂತೂ 6ಕ್ಕೆ ಹೋಯಿತು. ನಾಲ್ಕು ತಿಂಗಳಾದ ಮೇಲೆ ಈಗ 3.1, ಮೆಟ್ಟಿಲು 22 ಸೆಕೆಂಡ್. ಇದಕ್ಕೂ ಸುಳ್ಳು ವ್ಯಾಯಾಮದ ಜೊತೆ ಹೋಲಿಸಿ ನೋಡಿಲ್ಲ, ಗೊತ್ತು. ಆದರೆ ತೊಡೆ ಗಟ್ಟಿಯಾಗಿರುವುದು ಕೈಗೆ ಸಿಗುತ್ತದೆ, ಅದಕ್ಕೆ ಕ್ಯಾಮೆರಾ ಬೇಡ.

ಹೋದ ವಾರ ಕ್ಲಿನಿಕ್‌ನಿಂದ ಫೋನ್ ಬಂದಿತ್ತು. ಮೇಂಟೆನೆನ್ಸ್ ಪ್ಯಾಕೇಜ್ ಇದೆ, ತಿಂಗಳಿಗೆ ಎರಡು ಸಿಟ್ಟಿಂಗ್ ಅಂದರು. ಪವರ್ ಮೀಟರ್ ಬಂತಾ ಅಂತ ಕೇಳಿದೆ. ಲೈನ್‌ನಲ್ಲೇ ಇರಿ ಮೇಡಂ, ವಿಚಾರಿಸಿ ಹೇಳುತ್ತೇನೆ ಅಂದರು. ಅವರು ವಿಚಾರಿಸುವಷ್ಟರಲ್ಲಿ ಫೋನನ್ನು ಸ್ಪೀಕರ್‌ಗೆ ಹಾಕಿ, ಕುರ್ಚಿಯಿಂದ ಹತ್ತು ಸಲ ಎದ್ದು ಕೂತೆ.